ಸೂರಿನ ಕೆಳಗಿನ ಓಟ: ಒಳಾಂಗಣ ಅಥ್ಲೆಟಿಕ್ಸ್‌ನಲ್ಲಿ 100 ಮೀಟರ್ ಯಾಕಿಲ್ಲ?

ಕಲಬುರಗಿಯ ಬೇಸಿಗೆಯಲ್ಲಿ ಓಡುವವರಿಗೆ ದಿನ ಎಂದರೆ ಬೆಳಗಿನ ಐದರಿಂದ ಏಳು. ಅಷ್ಟರೊಳಗೆ ಮುಗಿಸಬೇಕು. ಆಮೇಲೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನೆರಳು ಹುಡುಕುವುದೇ ಒಂದು ಕೆಲಸ. ಹಾಗೆ ಓಟ ಮುಗಿಸಿ ಬೇವಿನ ಗಿಡದ ಬುಡದಲ್ಲಿ ಕೂತಿದ್ದಾಗ ಒಬ್ಬ ತಂದೆ ಹತ್ತಿರ ಬಂದು ಮೊಬೈಲ್ ಮುಂದೆ ಹಿಡಿದರು. ಅದರಲ್ಲಿ ಒಳಾಂಗಣ ಅಥ್ಲೆಟಿಕ್ಸ್ ಸ್ಪರ್ಧೆಗಳ ಪಟ್ಟಿ ಇತ್ತು. ನಮ್ಮ ದೇಶದಲ್ಲೂ ರಾಷ್ಟ್ರೀಯ ಒಳಾಂಗಣ ಚಾಂಪಿಯನ್‌ಷಿಪ್ ಎಂಬ ಮಾತು ಕೇಳಿಬರುತ್ತಿದೆಯಲ್ಲ, ಅದರಲ್ಲಿ ಮಗನ ಓಟ ಯಾವುದು ಎಂದು ಅವರು ಹುಡುಕುತ್ತಿದ್ದರು.

"ನೂರು ಮೀಟರ್ ಇದರಾಗ ಇಲ್ಲೇ ಇಲ್ಲಲ್ರೀ ಸರ. ಇನ್ನೂರೂ ಇಲ್ಲ. ನನ್ನ ಮಗ ಓಡೋದು ಅವೆರಡೇ. ಅಂವ ಏನ್ ಮಾಡ್ಬೇಕು?"

ಜಾಗ ಸಾಲುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಅದು ಅರ್ಧ ಉತ್ತರ. ಸೂರು ಹಾಕಿದ ಕೂಡಲೇ ಟ್ರ್ಯಾಕ್ ಚಿಕ್ಕದಾಗುತ್ತದೆ, ಟ್ರ್ಯಾಕ್ ಚಿಕ್ಕದಾದ ಕೂಡಲೇ ತಿರುವು ಬಿಗಿಯಾಗುತ್ತದೆ, ತಿರುವು ಬಿಗಿಯಾದ ಮೇಲೆ ಓಟದ ಲೆಕ್ಕವೇ ಬದಲಾಗುತ್ತದೆ. ಅವರಿಗೆ ಆ ದಿನ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ್ದನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಸೂರಿನ ಲೆಕ್ಕ

ಹೊರಾಂಗಣದ ಟ್ರ್ಯಾಕ್ 400 ಮೀಟರ್. ಎಂಟು ಲೇನ್ ಸೇರಿಸಿದರೆ ಉದ್ದ ಸುಮಾರು 177 ಮೀಟರ್, ಅಗಲ 93 ಮೀಟರ್ ಆಗುತ್ತದೆ. ಅಂದರೆ ನಾಲ್ಕು ಎಕರೆ ಹೊಲ. ಅಷ್ಟು ಜಾಗದ ಮೇಲೆ ನಡುವೆ ಒಂದೂ ಕಂಬವಿಲ್ಲದೆ ಚಾವಣಿ ಹಾಕುವುದು ಬಲು ದುಬಾರಿ ಕೆಲಸ. ಅದಕ್ಕೇ ಒಳಾಂಗಣದ ಟ್ರ್ಯಾಕನ್ನು 200 ಮೀಟರ್ ಎಂದು ನಿಗದಿ ಮಾಡಿದ್ದಾರೆ. ಲೇನ್‌ಗಳೂ ಸಾಮಾನ್ಯವಾಗಿ ಆರೇ. ಒಂದೊಂದು ಲೇನಿನ ಅಗಲ ಹೊರಗೆ 1.22 ಮೀಟರ್ ಇದ್ದರೆ ಒಳಗೆ 90 ಸೆಂಟಿಮೀಟರಿನಿಂದ 1.10 ಮೀಟರ್. ಇಡೀ ಟ್ರ್ಯಾಕ್ ಸುಮಾರು 90 ಮೀಟರ್ ಉದ್ದ, 46 ಮೀಟರ್ ಅಗಲದ ಜಾಗದಲ್ಲಿ ಕೂರುತ್ತದೆ. ಉದ್ದ ಅರ್ಧಕ್ಕೆ ಇಳಿದರೆ ಚಾವಣಿ ಕಾಲು ಭಾಗಕ್ಕೆ ಇಳಿಯುತ್ತದೆ. ಖರ್ಚಿನ ಗುಟ್ಟು ಇರುವುದು ಇಲ್ಲೇ.

ನಮ್ಮೂರಿನವರಿಗೆ ಇದನ್ನು ಕಣ್ಣಿಗೆ ಕಟ್ಟಿಸಲು ಕೋಟೆಯೊಳಗಿನ ಜಾಮಾ ಮಸೀದಿ ಇದೆ. 1367ರಲ್ಲಿ ಕಟ್ಟಿದ ಆ ಮಸೀದಿಯ ಹೆಚ್ಚುಗಾರಿಕೆಯೇ ಸೂರು. ಬೇರೆ ಕಡೆ ಮಸೀದಿಯ ನಡುವೆ ಬಯಲು ಅಂಗಳ ಇರುತ್ತದೆ, ಇಲ್ಲಿ ಅಂಗಳವನ್ನೂ ಸೇರಿಸಿ ಇಡೀ ಕಟ್ಟಡವನ್ನು ಗುಮ್ಮಟಗಳಿಂದ ಮುಚ್ಚಿದ್ದಾರೆ. 216 ಅಡಿ ಉದ್ದ, 176 ಅಡಿ ಅಗಲ. ಮೀಟರಿನಲ್ಲಿ ಹೇಳುವುದಾದರೆ ಸುಮಾರು 66 ಮತ್ತು 54. ಆ ಕಾಲಕ್ಕೆ ಅಷ್ಟು ಜಾಗ ಮುಚ್ಚಲು ಸಾಲು ಸಾಲು ಕಂಬ, ಕಮಾನು ಬೇಕಾಯಿತು. 200 ಮೀಟರಿನ ಟ್ರ್ಯಾಕಿಗೆ ಬೇಕಾದ ಚಾವಣಿ ಅದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಆದರೆ ನಡುವೆ ಕಂಬ ಇರುವಂತಿಲ್ಲ. ಚಿಕ್ಕವನಿದ್ದಾಗ ಶಾಲೆಯಿಂದ ಕೋಟೆ ನೋಡಲು ಹೋದಾಗೆಲ್ಲ ಆ ಕಮಾನುಗಳ ನಡುವೆ ಈ ತುದಿಯಿಂದ ಆ ತುದಿಗೆ ಓಡಬೇಕೆಂದು ಕಾಲು ತುಡಿಯುತ್ತಿತ್ತು. ಈಗ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ಅಲ್ಲಿ ಒಳಾಂಗಣದ ಅತಿ ಚಿಕ್ಕ ಓಟಕ್ಕೂ ಜಾಗ ಸಾಲದು. 60 ಮೀಟರ್ ಓಟಕ್ಕೆ ಗೆರೆಯ ಹಿಂದೆ ಕನಿಷ್ಠ 3 ಮೀಟರ್, ಗುರಿ ದಾಟಿದ ಮೇಲೆ ನಿಲ್ಲಲು ಕನಿಷ್ಠ 10 ಮೀಟರ್ ಬೇಕು. ಒಟ್ಟು 73.

100 ಹೋಗಿ 60 ಬಂದದ್ದು

200 ಮೀಟರಿನ ಟ್ರ್ಯಾಕಿನಲ್ಲಿ ನೇರ ಭಾಗ 50 ಮೀಟರ್ ಕೂಡ ಇರುವುದಿಲ್ಲ. ಆದ್ದರಿಂದ ವೇಗದ ಓಟವನ್ನು ಸುತ್ತಿನ ಮೇಲೆ ಓಡಿಸುವುದೇ ಇಲ್ಲ. ಮೈದಾನದ ನಡುವೆ, ಈ ತುದಿಯಿಂದ ಆ ತುದಿಗೆ, ಬೇರೆಯೇ ಒಂದು ನೇರ ಪಥ ಹಾಸುತ್ತಾರೆ. ಅಲ್ಲಿ ಸಿಗುವ ಉದ್ದಕ್ಕೆ 60 ಮೀಟರ್ ಸರಿಹೋಗುತ್ತದೆ. 110 ಮತ್ತು 100 ಮೀಟರ್ ಹರ್ಡಲ್ಸ್‌ಗೂ ಇದೇ ಗತಿ. ಅವೂ 60 ಮೀಟರಿಗೆ ಇಳಿದು, ಹತ್ತು ಹರ್ಡಲ್‌ಗಳ ಜಾಗದಲ್ಲಿ ಐದು ಉಳಿಯುತ್ತವೆ.

ಆದರೆ 60 ಮೀಟರ್ ಓಟವನ್ನು ತುಂಡು ಮಾಡಿದ 100 ಮೀಟರ್ ಎಂದು ತಿಳಿದರೆ ತಪ್ಪಾಗುತ್ತದೆ. ಒಳ್ಳೆಯ ಓಟಗಾರ ತನ್ನ ಪೂರ್ತಿ ವೇಗ ಮುಟ್ಟುವುದೇ 50-60 ಮೀಟರಿನ ಆಸುಪಾಸಿನಲ್ಲಿ. ಅಂದರೆ ಇಡೀ 60 ಮೀಟರ್ ವೇಗ ಏರಿಸುವುದರಲ್ಲೇ ಮುಗಿಯುತ್ತದೆ. ಪುರುಷರ ವಿಶ್ವದಾಖಲೆ ಅಮೆರಿಕದ ಕ್ರಿಶ್ಚಿಯನ್ ಕೋಲ್ಮನ್ ಹೆಸರಿನಲ್ಲಿದೆ. 2018ರ ಫೆಬ್ರವರಿಯಲ್ಲಿ ಅಲ್ಬುಕರ್ಕಿಯಲ್ಲಿ ನಡೆದ ಅಮೆರಿಕದ ರಾಷ್ಟ್ರೀಯ ಒಳಾಂಗಣ ಚಾಂಪಿಯನ್‌ಷಿಪ್‌ನಲ್ಲೇ ಅವರು 6.34 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸರಾಸರಿ 9.46 ಮೀಟರ್. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಸರಾಸರಿ 10.44 ಮೀಟರ್. ಚಿಕ್ಕ ಓಟದ ಸರಾಸರಿ ವೇಗ ಕಡಿಮೆ, ದೊಡ್ಡ ಓಟದ್ದು ಹೆಚ್ಚು! ಯಾಕೆಂದರೆ 60 ಮೀಟರಿನಲ್ಲಿ ನಿಂತಲ್ಲಿಂದ ಎದ್ದು ಬರುವ ನಿಧಾನದ ಹೆಜ್ಜೆಗಳ ಪಾಲು ಜಾಸ್ತಿ, ತುಂಬಿದ ವೇಗದಲ್ಲಿ ಹಾರುವ ಹೆಜ್ಜೆಗಳ ಪಾಲು ಕಡಿಮೆ.

ಹಾಗಾಗಿ ಆ ತಂದೆಗೆ ನಾನು ಮೊದಲು ಕೇಳಿದ ಪ್ರಶ್ನೆ, "ನಿಮ್ಮ ಹುಡುಗ ನೂರರಾಗ ಗೆಲ್ಲೋದು ಮೊದಲನೇ ಅರ್ಧಕ್ಕೋ, ಕಡೀ ಅರ್ಧಕ್ಕೋ?" ಕೊನೆಯ 40 ಮೀಟರಿನಲ್ಲಿ ಎಲ್ಲರನ್ನೂ ಹಿಂದೆ ಹಾಕುವ ಉದ್ದ ಕಾಲಿನ ಹುಡುಗನಿಗೆ 60 ಮೀಟರ್ ಮೋಸ ಮಾಡುತ್ತದೆ. ಅವನು ಬೆನ್ನಟ್ಟಲು ಶುರು ಮಾಡುವಷ್ಟರಲ್ಲಿ ಗೆರೆ ಬಂದುಬಿಡುತ್ತದೆ. ಪಾದ ಊರಿ ಜಿಗಿಯಲು ನೆಲಕ್ಕೆ ಇಡುವ ಸ್ಟಾರ್ಟಿಂಗ್ ಬ್ಲಾಕಿನಿಂದ ಬಾಣದಂತೆ ಏಳುವ, ಕುಳ್ಳಗಿನ ಗಟ್ಟಿ ತೊಡೆಯ ಹುಡುಗನಿಗೆ ಅದೇ ವರ. ಚೀನಾದ ಸು ಬಿಂಗ್‌ಟಿಯಾನ್ ಎತ್ತರದ ಆಳಲ್ಲ, ಆದರೆ 2018ರಲ್ಲಿ 60 ಮೀಟರನ್ನು 6.42 ಸೆಕೆಂಡಿನಲ್ಲಿ ಓಡಿ ಅದೇ ವರ್ಷದ ವಿಶ್ವ ಒಳಾಂಗಣದಲ್ಲಿ ಬೆಳ್ಳಿ ಗೆದ್ದರು.

ಇನ್ನೊಂದು ಮಾತು. ಪಿಸ್ತೂಲಿನ ಸದ್ದಿಗೆ ಕಾಲು ಅಲುಗುವ ಸಮಯ. ಸದ್ದಾದ ಮೇಲೆ 0.1 ಸೆಕೆಂಡಿಗಿಂತ ಮೊದಲೇ ಅಲುಗಿದರೆ ಅದು ತಪ್ಪು ಆರಂಭ, ಓಟದಿಂದ ಹೊರಗೆ. 100 ಮೀಟರಿನಲ್ಲಿ ಆರಂಭ ಚೂರು ತಡವಾದರೂ ಸರಿಪಡಿಸಿಕೊಳ್ಳಲು ದಾರಿ ಇದೆ. 60ರಲ್ಲಿ ಇಲ್ಲ. ನಮ್ಮ ಕಡೆ ಎಷ್ಟೋ ಮಕ್ಕಳು ಜಿಲ್ಲಾ ಮಟ್ಟಕ್ಕೆ ಬರುವವರೆಗೆ ಸ್ಟಾರ್ಟಿಂಗ್ ಬ್ಲಾಕ್ ಮುಟ್ಟಿಯೇ ಇರುವುದಿಲ್ಲ. ಶಿಳ್ಳೆ ಅಥವಾ ಚಪ್ಪಾಳೆಗೆ ಎದ್ದು ಓಡಿ ಅಭ್ಯಾಸ. ಆ ಮಕ್ಕಳಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲೇ, ಮೊದಲ ಹತ್ತು ಮೀಟರಿನಲ್ಲಿ.

ತಿರುವು ಎಂಬ ಎದುರಾಳಿ

ಇಡೀ ಒಳಾಂಗಣ ಓಟದ ತಿರುಳು ತಿರುವಿನಲ್ಲಿದೆ. ಹೊರಾಂಗಣದ ತಿರುವಿನ ತ್ರಿಜ್ಯ 36.5 ಮೀಟರ್. ಒಳಾಂಗಣದ್ದು ಸುಮಾರು 17 ಮೀಟರ್, ಅರ್ಧಕ್ಕಿಂತ ಕಡಿಮೆ. ಕಾಗದದ ಮೇಲೆ ಇದು ಬರೀ ಅಂಕಿ. ಅದಕ್ಕೇ ಒಂದು ದಿನ ಮೈದಾನದಲ್ಲಿ ಗೂಟ ಹೊಡೆದು, 17 ಮೀಟರ್ ಹಗ್ಗ ಕಟ್ಟಿ, ಸುಣ್ಣದ ಪುಡಿಯಿಂದ ಅರ್ಧ ವೃತ್ತ ಎಳೆದೆವು. ಪಕ್ಕದಲ್ಲೇ 36.5 ಮೀಟರಿನದ್ದು ಇನ್ನೊಂದು. ಎರಡರ ಮೇಲೂ ಹುಡುಗರನ್ನು ಪೂರ್ತಿ ಜೋರಿನಲ್ಲಿ ಓಡಿಸಿದೆವು. ದೊಡ್ಡದರ ಮೇಲೆ ಯಾರೂ ಗೆರೆ ಬಿಡಲಿಲ್ಲ. ಚಿಕ್ಕದರ ಮೇಲೆ ನಾಲ್ಕನೇ ಹೆಜ್ಜೆಗೇ ಎಲ್ಲರೂ ಹೊರಗೆ ಸರಿದರು. "ಯಾರೋ ಬಲಗೈ ಹಿಡದು ಜಗ್ಗಿದಂಗ ಆತ್ರೀ ಸರ" ಎಂದ ಒಬ್ಬ.

ಅವನ ಮಾತು ಸರಿಯಾಗಿಯೇ ಇತ್ತು. ತಿರುವಿನಲ್ಲಿ ಮೈ ನೇರ ಹೋಗಲು ನೋಡುತ್ತದೆ, ಕಾಲು ಅದನ್ನು ಒಳಗೆ ಎಳೆಯಬೇಕು. ಆ ಎಳೆತ ಎಷ್ಟು ಎಂಬುದು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ, ಓಟಗಾರನ ತೂಕದಿಂದ ಗುಣಿಸಿದರೆ ಸಿಗುತ್ತದೆ. 400 ಮೀಟರ್ ಓಡುವ 60 ಕಿಲೋ ತೂಕದ ಹುಡುಗ ಸೆಕೆಂಡಿಗೆ 9 ಮೀಟರ್ ವೇಗದಲ್ಲಿದ್ದಾನೆ ಎಂದುಕೊಳ್ಳಿ. ಹೊರಾಂಗಣದ ಒಳ ಲೇನಿನಲ್ಲಿ ಅವನನ್ನು ಪಕ್ಕಕ್ಕೆ ಜಗ್ಗುವ ಬಲ ಸುಮಾರು 14 ಕಿಲೋ ತೂಕಕ್ಕೆ ಸಮ. ಒಳಾಂಗಣದಲ್ಲಿ ಸುಮಾರು 29 ಕಿಲೋ. ಅರ್ಧ ಚೀಲಕ್ಕಿಂತ ಹೆಚ್ಚು ತೊಗರಿಯನ್ನು ಪಕ್ಕೆಗೆ ಕಟ್ಟಿಕೊಂಡು ಓಡಿದ ಹಾಗೆ, ಅದೂ ಪ್ರತಿ ತಿರುವಿನಲ್ಲಿ.

ಈ ಜಗ್ಗಾಟಕ್ಕೆ ಮದ್ದು ಎಂದು ಒಳಾಂಗಣದ ತಿರುವುಗಳನ್ನು ಒಳಮುಖವಾಗಿ ವಾಲಿಸಿ ಕಟ್ಟುತ್ತಾರೆ. ಹೊರ ಅಂಚು ಮೇಲೆ, ಒಳ ಅಂಚು ಕೆಳಗೆ. ಜಾತ್ರೆಯ ಮರಣ ಬಾವಿಯಲ್ಲಿ ಬೈಕ್ ಸವಾರ ಗೋಡೆಯ ಮೇಲೆ ಸುತ್ತುವುದನ್ನು ನೋಡಿದವರಿಗೆ ತತ್ವ ಹೊಸದಲ್ಲ. ಅಲ್ಲಿ ಗೋಡೆ ನೆಟ್ಟಗೆ ನಿಂತಿರುತ್ತದೆ, ಇಲ್ಲಿ ನಿಯಮದ ಪ್ರಕಾರ ವಾಲು 15 ಡಿಗ್ರಿ ಮೀರುವಂತಿಲ್ಲ. ಕೆಲವು ಸಭಾಂಗಣಗಳಲ್ಲಿ ತಿರುವನ್ನು ಯಂತ್ರದಿಂದ ಮೇಲೆತ್ತಿ, ಕೂಟ ಮುಗಿದ ಮೇಲೆ ಮತ್ತೆ ಸಪಾಟು ಮಾಡುವ ವ್ಯವಸ್ಥೆಯೂ ಇರುತ್ತದೆ.

ಇಲ್ಲಿ ನನಗೆ ಬಲು ಇಷ್ಟವಾದ ಒಂದು ಲೆಕ್ಕ ಇದೆ. ಒಂದು ವಾಲು ಒಂದೇ ವೇಗಕ್ಕೆ ಸರಿಯಾಗಿ ಹೊಂದುತ್ತದೆ. 15 ಡಿಗ್ರಿ ವಾಲಿದ 17 ಮೀಟರ್ ತಿರುವಿಗೆ ಹೊಂದುವ ವೇಗ ಸೆಕೆಂಡಿಗೆ ಸುಮಾರು 6.7 ಮೀಟರ್. ಆ ವೇಗದಲ್ಲಿ ಓಡುವವನಿಗೆ ತಾನು ತಿರುಗುತ್ತಿದ್ದೇನೆ ಎಂಬುದೇ ಕಾಲಿಗೆ ತಿಳಿಯುವುದಿಲ್ಲ, ನೇರ ರಸ್ತೆಯ ಮೇಲೆ ಓಡಿದ ಹಾಗೆ ಪಾದ ನೆಲಕ್ಕೆ ಚಪ್ಪಟೆಯಾಗಿ ಬೀಳುತ್ತದೆ. ಈಗ ನಮ್ಮ ಗುಲ್ವೀರ್ ಸಿಂಗ್ ಅವರನ್ನು ನೋಡಿ. 2025ರ ಫೆಬ್ರವರಿಯಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸೂರಿನ ಕೆಳಗೆ 3000 ಮೀಟರನ್ನು 7 ನಿಮಿಷ 38.26 ಸೆಕೆಂಡಿನಲ್ಲಿ ಓಡಿದರು. ಸೆಕೆಂಡಿಗೆ 6.5 ಮೀಟರಿಗೆ ಕೊಂಚ ಮೇಲೆ. ಅದೇ ತಿಂಗಳು, ಅದೇ ನಗರದಲ್ಲಿ 5000 ಮೀಟರನ್ನು 12 ನಿಮಿಷ 59.77 ಸೆಕೆಂಡಿನಲ್ಲಿ ಮುಗಿಸಿ 13 ನಿಮಿಷದ ಒಳಗೆ ಬಂದ ಮೊದಲ ಭಾರತೀಯನಾದರು. 25 ಸುತ್ತು, 50 ತಿರುವು, ಸುತ್ತಿಗೆ ಸರಾಸರಿ 31.2 ಸೆಕೆಂಡ್. ಒಳ್ಳೆಯ ವಾಲಿನ ಟ್ರ್ಯಾಕ್ ದೂರದ ಓಟಗಾರರಿಗೆ ಯಾಕೆ ಒಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಸೆಕೆಂಡಿಗೆ 9 ಮೀಟರ್ ಓಡುವ 400ರ ಓಟಗಾರನಿಗೆ ಮಾತ್ರ ಅಷ್ಟು ವಾಲು ಸಾಲುವುದಿಲ್ಲ. ಅವನ ಮೈ ಸುಮಾರು 26 ಡಿಗ್ರಿ ಓರೆಯಾಗಬೇಕು. ನೆಲ 15 ಕೊಟ್ಟರೂ ಉಳಿದ 11 ಡಿಗ್ರಿಯನ್ನು ಅವನ ಕಣಕಾಲೇ ಹೊರಬೇಕು.

ಎಲ್ಲಾ ಓಟವೂ ಎಡಕ್ಕೇ ತಿರುಗುವುದರಿಂದ ಈ ಭಾರ ಯಾವಾಗಲೂ ಒಂದೇ ಬದಿಗೆ ಬೀಳುತ್ತದೆ. ಅದಕ್ಕೇ ಬಿಗಿ ತಿರುವಿನ ಮೇಲೆ ಅಭ್ಯಾಸ ಮಾಡುವ ಮಕ್ಕಳಿಗೆ ಮೈ ಕಾಯಿಸುವ ಓಟವನ್ನು ಉಲ್ಟಾ ದಿಕ್ಕಿನಲ್ಲಿ ಮಾಡಿಸುವುದು ಒಳ್ಳೆಯದು. ನಾನು ಮಾಡಿಸುತ್ತೇನೆ.

ಲೇನಿನ ನ್ಯಾಯ

ನಾನು ಏಳನೇ ತರಗತಿಯಲ್ಲಿದ್ದಾಗ ಒಂದು ಶಾಲಾ ಕೂಟದಲ್ಲಿ 400 ಮೀಟರ್ ಓಡಿದೆ. ಮೈದಾನ ಚಿಕ್ಕದು, ಆದ್ದರಿಂದ ಸುಣ್ಣದಲ್ಲಿ ಎಳೆದ 200 ಮೀಟರ್ ಟ್ರ್ಯಾಕ್, ಎರಡು ಸುತ್ತು. ನಮ್ಮ ಭಾಗದ ಹಳ್ಳಿ ಶಾಲೆಗಳಲ್ಲಿ ಇಂಥ ಟ್ರ್ಯಾಕ್ ಈಗಲೂ ಸಾಮಾನ್ಯ. ಅಂದರೆ ನಮ್ಮ ಮಕ್ಕಳು ಒಳಾಂಗಣದ ಅಳತೆಯಲ್ಲೇ ಓಡಿ ಬೆಳೆದಿದ್ದಾರೆ. ಸೂರಿಲ್ಲ, ವಾಲಿಲ್ಲ, ಕಾಲ ಕೆಳಗೆ ಬಿರುಕು ಬಿಟ್ಟ ಎರೆಭೂಮಿ. ಆ ದಿನ ನನಗೆ ನಾಲ್ಕನೇ ಲೇನು. ಹೊರಗಿನವರನ್ನು ಸ್ವಲ್ಪ ಮುಂದೆ ನಿಲ್ಲಿಸಿದ್ದರು, ಎರಡೂ ಸುತ್ತು ಲೇನು ಬಿಡಬಾರದು ಎಂದೂ ಹೇಳಿದ್ದರು. ನಾನು ನಾಲ್ಕನೆಯವನಾಗಿ ಬಂದೆ, ಅತ್ತುಬಿಟ್ಟೆ.

ಎಷ್ಟೋ ವರ್ಷದ ಮೇಲೆ ಅದನ್ನು ಲೆಕ್ಕ ಹಾಕಿದೆ. ಹೊರಗಿನ ಲೇನು ಒಳಗಿನದಕ್ಕಿಂತ ಉದ್ದ, ಆ ಹೆಚ್ಚಿನ ದೂರ ಟ್ರ್ಯಾಕ್ ದೊಡ್ಡದೋ ಚಿಕ್ಕದೋ ಎಂಬುದರ ಮೇಲೆ ನಿಲ್ಲುವುದೇ ಇಲ್ಲ. ಲೇನಿನ ಅಗಲದ ಮೇಲೆ ಮಾತ್ರ ನಿಲ್ಲುತ್ತದೆ. ಒಂದು ಪೂರ್ತಿ ಸುತ್ತಿಗೆ, ಒಂದು ಲೇನ್ ಹೊರಗೆ ಹೋದರೆ, ಲೇನಿನ ಅಗಲದ 6.28 ಪಟ್ಟು. ಲೇನು ಒಂದು ಮೀಟರ್ ಅಗಲವಿದ್ದರೆ ಸುಮಾರು ಆರೂಕಾಲು ಮೀಟರ್. ನಾಲ್ಕನೇ ಲೇನಿಗೆ ಒಂದು ಸುತ್ತಿಗೆ ಸುಮಾರು 19 ಮೀಟರ್, ಎರಡು ಸುತ್ತಿಗೆ 38. ನನ್ನನ್ನು ಮುಂದೆ ನಿಲ್ಲಿಸಿದ್ದು ಒಂದು ಸುತ್ತಿನ ಲೆಕ್ಕಕ್ಕೆ, ಓಡಿಸಿದ್ದು ಎರಡು ಸುತ್ತು. ಒಳ ಲೇನಿನ ಹುಡುಗನಿಗಿಂತ ಸುಮಾರು 19 ಮೀಟರ್ ಹೆಚ್ಚು ಓಡಿ ನಾನು ನಾಲ್ಕನೆಯವನಾಗಿದ್ದೆ. ಗೆರೆ ಎಳೆದವರಿಗೆ ಕೇಡು ಬಯಸುವ ಮನಸ್ಸಿರಲಿಲ್ಲ, ಲೆಕ್ಕ ತಪ್ಪಿತ್ತು. ಆದರೆ ಆ ಅಳು ನೆನಪಿದೆ, ಹಾಗಾಗಿ ಲೇನಿನ ಲೆಕ್ಕವನ್ನು ಮಕ್ಕಳಿಗೆ ತಪ್ಪದೆ ಹೇಳಿಕೊಡುತ್ತೇನೆ.

ಒಳಾಂಗಣದ ನಿಜವಾದ 400 ಮೀಟರ್ ಹೀಗೆ ನಡೆಯುತ್ತದೆ. ಮೊದಲ ಎರಡು ತಿರುವು ಎಲ್ಲರೂ ತಮ್ಮ ತಮ್ಮ ಲೇನಿನಲ್ಲಿ. ಎರಡನೇ ತಿರುವು ದಾಟಿದ ಮೇಲೆ ಟ್ರ್ಯಾಕಿನ ಅಡ್ಡ ಎಳೆದ ಗೆರೆ ಬರುತ್ತದೆ. ಅದನ್ನು ದಾಟಿದವರು ಒಳಗೆ ಸರಿಯಬಹುದು. ಆರು ಜನ, ಆರು ಲೇನು, ಎಲ್ಲರಿಗೂ ಬೇಕಾದದ್ದು ಒಂದೇ ಒಳ ಅಂಚು. ಒಳಾಂಗಣ ಕೂಟದಲ್ಲಿ ಜನ ಎದ್ದು ನಿಲ್ಲುವ ಕ್ಷಣ ಅದೇ. ಮೊಣಕೈ ತಾಗುತ್ತದೆ, ಕಾಲಿಗೆ ಕಾಲು ತೊಡರುತ್ತದೆ, ಬಿದ್ದವರೂ ಉಂಟು. ಆ ನೂಕಿನಲ್ಲಿ ಮುಂದೆ ಬಂದವನನ್ನು ಉಳಿದ ಒಂದು ಸುತ್ತಿನಲ್ಲಿ ದಾಟುವುದು ಬಹಳ ಕಷ್ಟ. ತಿರುವಿನಲ್ಲಿ ದಾಟಲು ಹೋದರೆ ಹೊರಗಿನಿಂದ ಸುತ್ತಬೇಕು. ಒಂದು ಇಡೀ ಸುತ್ತನ್ನು ಎರಡನೇ ಲೇನಿನಲ್ಲಿ ಓಡಿದರೆ ಅದೇ ಆರು ಮೀಟರ್ ದಂಡ. ನೇರದಲ್ಲಿ ದಾಟೋಣ ಎಂದರೆ ಅದು ಐದಾರು ಸೆಕೆಂಡಿಗೆ ಮುಗಿಯುತ್ತದೆ.

800 ಮೀಟರಿಗೆ ನಾಲ್ಕು ಸುತ್ತು, 1500ಕ್ಕೆ ಏಳೂವರೆ, 3000ಕ್ಕೆ 15. ಅಲ್ಲೂ ಇದೇ ಕಥೆ, ಆದರೆ ಯೋಚಿಸಲು ಸಮಯ ಸಿಗುತ್ತದೆ. ಹೊರಾಂಗಣದಲ್ಲಿ ಹಿಂದೆ ಉಳಿದು ಕೊನೆಯ 100ರಲ್ಲಿ ಹಾರುವ ಓಟಗಾರ ಒಳಗೆ ಬಂದರೆ ತನ್ನ ದಾಳಿಯನ್ನು ಎರಡು ಸುತ್ತು ಮೊದಲೇ ಶುರು ಮಾಡಬೇಕಾಗುತ್ತದೆ.

ಇನ್ನು ಆ ತಂದೆಯ ಎರಡನೇ ಪ್ರಶ್ನೆ, 200 ಮೀಟರ್ ಎಲ್ಲಿ ಹೋಯಿತು? ಅದು ಇತ್ತು. 2004ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ವರೆಗೂ ಇತ್ತು, ಆಮೇಲೆ ತೆಗೆದುಬಿಟ್ಟರು. ಕಾರಣ ಲೇನು. ಸುತ್ತಿನಲ್ಲಿ ಅತಿ ವೇಗದ ಓಟ ಅದು, ಇಡೀ ಓಟ ಲೇನಿನೊಳಗೇ. ಒಂದನೇ ಲೇನಿನವನಿಗೆ ತಿರುವು ಅತಿ ಬಿಗಿ. ಆರನೆಯವನಿಗೆ ತ್ರಿಜ್ಯ ಐದು ಮೀಟರಿನಷ್ಟು ಹೆಚ್ಚು, ಜೊತೆಗೆ ಅವನು ವಾಲಿನ ಎತ್ತರದ ಕಡೆ ನಿಂತು ಇಳಿಜಾರಿನಲ್ಲಿ ಜಾರಿದಂತೆ ವೇಗ ಹಿಡಿಯುತ್ತಾನೆ. ದೂರ ಸಮ ಇದ್ದರೂ ಓಟ ಸಮ ಇರಲಿಲ್ಲ. ಯಾರು ಗೆಲ್ಲುತ್ತಾರೆ ಎಂಬುದು ಕಾಲಿಗಿಂತ ಲೇನಿನ ಚೀಟಿಯ ಮೇಲೆ ನಿಂತುಬಿಟ್ಟಿತ್ತು. ತೆಗೆದದ್ದು ನ್ಯಾಯವೇ ಎಂದು ನನ್ನ ಅಭಿಪ್ರಾಯ. ಕೆಲವು ದೇಶಗಳ ರಾಷ್ಟ್ರೀಯ ಕೂಟಗಳಲ್ಲಿ 200 ಇನ್ನೂ ಉಳಿದಿದೆ. ಇಂಥ ಓಟಗಳಲ್ಲಿ ಒಳ್ಳೆಯ ಸಮಯ ಮಾಡಿದವರಿಗೆ ಹೊರಗಿನ 5 ಮತ್ತು 6ನೇ ಲೇನು, ಆಮೇಲಿನವರಿಗೆ 3 ಮತ್ತು 4, ಉಳಿದವರಿಗೆ 1 ಮತ್ತು 2. ಹೊರಾಂಗಣದಲ್ಲಿ ನಡುವಿನ ಲೇನಿಗೆ ಬೆಲೆ, ಇಲ್ಲಿ ಅಂಚಿಗೆ. ಫೈನಲ್‌ನಲ್ಲಿ ಒಂದನೇ ಲೇನಿನಲ್ಲಿ ನಿಂತವನನ್ನು ಕಂಡರೆ ಅವನ ದಾರಿ ಮೊದಲೇ ಕಠಿಣ ಎಂದು ತಿಳಿಯಿರಿ.

ಜಿಗಿತ ಉಳಿಯಿತು, ಎಸೆತ ಹೋಯಿತು

ನೀರಜ್ ಚೋಪ್ರಾ 2025ರ ಮೇ ತಿಂಗಳಲ್ಲಿ ದೋಹಾದಲ್ಲಿ ಜಾವೆಲಿನ್ ಎಸೆದದ್ದು 90.23 ಮೀಟರ್. ಒಳಾಂಗಣ ಟ್ರ್ಯಾಕಿನ ಈ ತುದಿಯಿಂದ ಆ ತುದಿಗೆ ಇರುವುದೂ ಸುಮಾರು ಅಷ್ಟೇ. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಒಳಗೆ ಯಾಕಿಲ್ಲ ಎಂಬುದಕ್ಕೆ ಇನ್ನೇನು ಹೇಳಬೇಕು! ಎಸೆತದಲ್ಲಿ ಉಳಿದದ್ದು ಗುಂಡು ಎಸೆತ ಒಂದೇ. ಪುರುಷರ ಗುಂಡು 7.26 ಕಿಲೋ, ಮಹಿಳೆಯರದು 4. ಒಳಗಿನ ನೆಲ ಕೆಡದಿರಲಿ ಎಂದು ಮೆತ್ತನೆಯ ಹೊದಿಕೆಯ ಗುಂಡಿಗೂ ನಿಯಮದಲ್ಲಿ ಅವಕಾಶ ಇದೆ. ಈ ಗುಂಡು ಎಸೆತದಲ್ಲಿ ನಮ್ಮ ತಜಿಂದರ್‌ಪಾಲ್ ಸಿಂಗ್ ತೂರ್ 2023ರಲ್ಲಿ ಅಸ್ತಾನಾದಲ್ಲಿ, 2024ರಲ್ಲಿ ತೆಹರಾನ್‌ನಲ್ಲಿ ಏಷ್ಯನ್ ಒಳಾಂಗಣದ ಚಿನ್ನ ತಂದರು.

ಎತ್ತರ ಜಿಗಿತ, ಉದ್ದ ಜಿಗಿತ, ಟ್ರಿಪಲ್ ಜಂಪ್, ಪೋಲ್ ವಾಲ್ಟ್ ಎಲ್ಲವೂ ಇವೆ. ಇವಕ್ಕೆ ಸೂರು ಒಂದು ವರ, ಯಾಕೆಂದರೆ ಗಾಳಿ ಇಲ್ಲ. ನಮ್ಮ ಆಷಾಢದ ಗಾಳಿಯಲ್ಲಿ ಉದ್ದ ಜಿಗಿದ ಮಕ್ಕಳಿಗೆ ಇದರ ಬೆಲೆ ಗೊತ್ತು. ಹೊರಾಂಗಣದಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ 100, 200, 110 ಮತ್ತು 100 ಮೀಟರ್ ಹರ್ಡಲ್ಸ್, ಉದ್ದ ಜಿಗಿತ, ಟ್ರಿಪಲ್ ಜಂಪ್ ಯಾವುದರಲ್ಲೂ ದಾಖಲೆ ಎಣಿಕೆಗೆ ಬರುವುದಿಲ್ಲ. ಒಳಗೆ ಗಾಳಿ ಅಳೆಯುವ ಯಂತ್ರವೇ ಬೇಡ. ಪೋಲ್ ವಾಲ್ಟ್‌ಗಂತೂ ನಿಂತ ಗಾಳಿ ಎಂದರೆ ಹಬ್ಬ. ಉದ್ದನೆಯ ಕೋಲು ಹಿಡಿದು ಓಡುವವನನ್ನು ಅಡ್ಡಗಾಳಿ ಎಷ್ಟು ಕಾಡುತ್ತದೆ ಎಂದು ಊಹಿಸಿ. ಸೆರ್ಗೆಯ್ ಬುಬ್ಕಾ 1993ರಲ್ಲಿ ಜಿಗಿದ 6.15 ಮೀಟರ್ ಸೂರಿನ ಕೆಳಗಿನದು. ಅದನ್ನು 2014ರಲ್ಲಿ ರೆನೊ ಲವಿಲ್ಲೆನಿ 6.16 ಮೀಟರ್ ಜಿಗಿದು ಮುರಿದದ್ದೂ ಸೂರಿನ ಕೆಳಗೆ. ಮೊಂಡೊ ಡುಪ್ಲಾಂಟಿಸ್ 2020ರ ಫೆಬ್ರವರಿಯಲ್ಲಿ ಒಂದೇ ವಾರದ ಅಂತರದಲ್ಲಿ 6.17, 6.18 ಜಿಗಿದದ್ದೂ ಹಾಗೆಯೇ.

ಬಹುಸ್ಪರ್ಧೆಯೂ ಕುಗ್ಗುತ್ತದೆ. ಪುರುಷರ ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಏಳರ ಹೆಪ್ಟಾಥ್ಲಾನ್ ಆಗುತ್ತದೆ, ಮಹಿಳೆಯರ ಏಳರ ಹೆಪ್ಟಾಥ್ಲಾನ್ ಐದರ ಪೆಂಟಾಥ್ಲಾನ್.

ಒಂದು ಕೊರತೆ ಹೇಳಲೇಬೇಕು. ಮುಚ್ಚಿದ ಸಭಾಂಗಣದ ಗಾಳಿ ಒಣಗಿರುತ್ತದೆ. 1500, 3000 ಓಡಿ ಬಂದವರು ಗಂಟಲು ಕೆರೆದು ಗಂಟೆಗಟ್ಟಲೆ ಕೆಮ್ಮುವುದು ಅಲ್ಲಿ ಮಾಮೂಲು. ಮೊದಲ ಸಲ ಓಡುವ ಮಕ್ಕಳು ಇದರಿಂದ ಹೆದರುತ್ತಾರೆ. ಹೆದರಬೇಕಿಲ್ಲ, ಆದರೆ ನೀರು ಕುಡಿಯುತ್ತಿರಬೇಕು. ಉಬ್ಬಸ ಇರುವ ಮಕ್ಕಳು ಮೊದಲೇ ವೈದ್ಯರನ್ನು ಕೇಳಿಕೊಂಡು ಹೋಗಬೇಕು.

ಫಲಿತಾಂಶ ಓದುವ ಬಗೆ

ಒಳಾಂಗಣ ಕೂಟ ಹುಟ್ಟಿದ್ದು ಹಿಮ ಬೀಳುವ ದೇಶಗಳಲ್ಲಿ. ಅಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹೊರಗೆ ಓಡುವಂತಿಲ್ಲ, ಆದ್ದರಿಂದ ಅದೇ ಅದರ ಕಾಲ. ಮೊದಲ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ 1987ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆಯಿತು. ಅದಕ್ಕೆ ಎರಡು ವರ್ಷ ಮೊದಲು ಪ್ಯಾರಿಸ್‌ನಲ್ಲಿ ವಿಶ್ವ ಒಳಾಂಗಣ ಕ್ರೀಡಾಕೂಟ ಎಂಬ ಹೆಸರಿನಲ್ಲಿ ನಾಂದಿ ಆಗಿತ್ತು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2023ರ ನವೆಂಬರಿನಿಂದ ದಾಖಲೆ ಪಟ್ಟಿಗಳಲ್ಲಿ 'ಒಳಾಂಗಣ' ಎನ್ನುವ ಜಾಗದಲ್ಲಿ 'ಶಾರ್ಟ್ ಟ್ರ್ಯಾಕ್' ಎಂಬ ಪದ ಬಳಸುತ್ತಿದೆ. ನನಗೆ ಇದು ಸರಿ ಕಾಣುತ್ತದೆ. ಓಟ ಬದಲಾಗುವುದು ಚಾವಣಿಯಿಂದಲ್ಲವಲ್ಲ, ಟ್ರ್ಯಾಕಿನ ಉದ್ದದಿಂದ.

ಪತ್ರಿಕೆಯಲ್ಲಿ ಬರುವ ಒಳಾಂಗಣದ ಸಮಯವನ್ನು ಹೊರಾಂಗಣದ ಸಮಯದ ಪಕ್ಕ ಇಟ್ಟು ಅಳೆಯಬೇಡಿ. ನಮ್ಮ ಜ್ಯೋತಿ ಯರ್ರಾಜಿ ಅವರ ಹೊರಾಂಗಣದ 100 ಮೀಟರ್ ಹರ್ಡಲ್ಸ್ ದಾಖಲೆ 12.78 ಸೆಕೆಂಡ್, 2023ರದ್ದು. ಒಳಾಂಗಣದ 60 ಮೀಟರ್ ಹರ್ಡಲ್ಸ್‌ನಲ್ಲಿ ಅವರು 2023ರಲ್ಲಿ ಅಸ್ತಾನಾದಲ್ಲಿ 8.13ಕ್ಕೆ ಬೆಳ್ಳಿ, 2024ರಲ್ಲಿ ತೆಹರಾನ್‌ನಲ್ಲಿ 8.12ಕ್ಕೆ ಚಿನ್ನ ಗೆದ್ದು, 2025ರ ಜನವರಿಯಲ್ಲಿ ಫ್ರಾನ್ಸ್‌ನ ನಾಂಟ್‌ನಲ್ಲಿ 8.04ಕ್ಕೆ ಇಳಿದರು. ಒಂದರಲ್ಲಿ ಹತ್ತು ಹರ್ಡಲ್, ಇನ್ನೊಂದರಲ್ಲಿ ಐದು. ಹರ್ಡಲ್‌ನ ಎತ್ತರ, ನಡುವಿನ ಅಂತರ ಎರಡರಲ್ಲೂ ಒಂದೇ ಆದ್ದರಿಂದ 60ರ ಸಮಯ ಅವರ ಓಟದ ಮೊದಲ ಅರ್ಧ ಎಷ್ಟು ಚುರುಕಾಗಿದೆ ಎಂದು ಹೇಳುತ್ತದೆ. ಎರಡನೇ ಅರ್ಧದ ಬಗ್ಗೆ ಏನನ್ನೂ ಹೇಳುವುದಿಲ್ಲ. 400 ಮತ್ತು 800ರಲ್ಲಿ ತಿರುವು ದುಪ್ಪಟ್ಟಾಗುವುದರಿಂದ ಸಾಮಾನ್ಯವಾಗಿ ಒಳಾಂಗಣದ ಸಮಯ ನಿಧಾನ. ಆದರೆ ನೆದರ್‌ಲ್ಯಾಂಡ್ಸ್‌ನ ಫೆಮ್ಕೆ ಬೋಲ್ 2024ರಲ್ಲಿ ಗ್ಲಾಸ್ಗೋದಲ್ಲಿ 400 ಮೀಟರನ್ನು 49.17 ಸೆಕೆಂಡಿನಲ್ಲಿ ಓಡಿದರು. ಅವರು 2022ರಲ್ಲಿ ಹೊರಗೆ ಓಡಿದ್ದ 49.44ಕ್ಕಿಂತಲೂ ಅದು ವೇಗ. ತಿರುವನ್ನು ಗೆಳೆಯನನ್ನಾಗಿ ಮಾಡಿಕೊಂಡವರೂ ಇದ್ದಾರೆ.

ನಮಗೆ ಹಿಮ ಇಲ್ಲ. ಸೂರು ಬೇಕಾಗಿರುವುದು ಬಿಸಿಲಿಗೆ. ಕಲಬುರಗಿ, ಯಾದಗಿರಿಯ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಓಟದ ಅಭ್ಯಾಸ ಎಂಬುದು ಸುಳ್ಳು ಮಾತು. ಬೀದರ್ ಗುಡ್ಡದ ಮೇಲಿರುವುದರಿಂದ ಸ್ವಲ್ಪ ತಂಪು, ಅಲ್ಲೂ ಹನ್ನೊಂದರ ಮೇಲೆ ಆಗದು. ಆದ್ದರಿಂದ ಭುವನೇಶ್ವರದ ಕಳಿಂಗ ಕ್ರೀಡಾಂಗಣದ ಆವರಣದಲ್ಲಿ ಒಳಾಂಗಣ ಟ್ರ್ಯಾಕ್ ಎದ್ದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಪದಕವಲ್ಲ, ನೆರಳು. ಮುಂಬೈಯಿಂದ ಭುವನೇಶ್ವರಕ್ಕೆ ಹೋಗುವ ಕೋಣಾರ್ಕ್ ಎಕ್ಸ್‌ಪ್ರೆಸ್ ನಮ್ಮ ಕಲಬುರಗಿ, ವಾಡಿ ನಿಲ್ದಾಣಗಳನ್ನು ಹಾದೇ ಹೋಗುತ್ತದೆ. ಗಾಡಿ ಬದಲಿಸದೆ ಹೋಗಬಹುದು ಎಂದಾಗ ಆ ತಂದೆಯ ಮುಖ ಅರಳಿತು.

ಮಾರನೆಯ ಬೆಳಿಗ್ಗೆ ಅವರು ಮಗನನ್ನು ಕರೆತಂದರು. 60 ಮೀಟರ್ ಅಳೆದು ಗೆರೆ ಹಾಕಿದೆವು. ಆಮೇಲೆ ಗುರಿಯಿಂದ 10 ಮೀಟರ್ ಆಚೆ, ಒಳಾಂಗಣದಲ್ಲಿ ಮೆತ್ತೆ ಕಟ್ಟಿದ ಗೋಡೆ ಇರುವ ಜಾಗದಲ್ಲಿ, ಖಾಲಿ ಗೋಣಿಚೀಲಗಳನ್ನು ಸಾಲಾಗಿ ಹಾಸಿದೆವು. ಹುಡುಗ ಕೂತು, ಎದ್ದು, ಬಾಣದಂತೆ ಬಂದ. ಗೆರೆ ದಾಟಿದ, ಚೀಲಗಳನ್ನೂ ದಾಟಿದ, ನಿಂತದ್ದು ಅಲ್ಲಿಂದ ಇನ್ನೂ ಇಪ್ಪತ್ತು ಮೀಟರ್ ಮುಂದೆ. ತಿರುಗಿ ಬಂದು ಚೀಲಗಳನ್ನು ನೋಡಿದ.

"ಇಲ್ಲಿ ಗ್ವಾಡಿ ಇರ್ತದೇನ್ರೀ?"

ಇರುತ್ತದೆ ಎಂದೆ. ಅವನು ಏನೂ ಹೇಳದೆ ಮತ್ತೆ ಬ್ಲಾಕಿನ ಕಡೆ ನಡೆದ.